ಒಂದು ತಾಸು ಐದು ನಿಮಿಷದ ಹಾದಿ

ಕಲಬುರಗಿಗೆ ವಿಮಾನ ಬರಲು ಶುರುವಾದ ಮೇಲೆ ನನ್ನ ಅಪ್ಪನಿಗೆ ಒಂದು ಹೊಸ ಮಾತು ಸಿಕ್ಕಿತು. ಬೆಂಗಳೂರಿಂದ ಕಲಬುರಗಿಗೆ ಒಂದು ತಾಸು ಐದು ನಿಮಿಷ. ನಮ್ಮೂರು ಕೆಂಭಾವಿಯ ಚಹಾದಂಗಡಿಯಲ್ಲಿ, ಸಂತೆಯಲ್ಲಿ ಕಾಯಿಪಲ್ಲೆ ಆರಿಸುತ್ತ, ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಕಡೆ ಬಗ್ಗಿ ಅವನು ಇದನ್ನು ಹೇಳುತ್ತಿದ್ದ. ಹೇಳುವಾಗ ಆ ಐದು ನಿಮಿಷವನ್ನು ಎಂದೂ ಬಿಡುತ್ತಿರಲಿಲ್ಲ. ಅವನು ಸ್ವತಃ ವಿಮಾನ ಹತ್ತಿದವನಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ತರಗತಿಯ ಗೋಡೆಗೆ ನಕಾಶೆ ತೂಗುಹಾಕಿ, ಎರಡು ಊರುಗಳ ನಡುವೆ ಬಿಳಿ ದಾರ ಬಿಗಿಯಾಗಿ ಹಿಡಿದು, ಅದನ್ನು ಕೆಳಗಿನ ಅಳತೆಪಟ್ಟಿಗೆ ಹಚ್ಚಿ, “ಇದು ಖರೇ ಅಂತರ. ಬಸ್ಸಿನವ ಹೇಳೋದು ಅವನ ಅಂತರ” ಅನ್ನುತ್ತಿದ್ದ. ನಾನೂ ಆ ತರಗತಿಯಲ್ಲಿ ಕುಳಿತವಳು. ನಾರಾಯಣಪುರದ ಅಣೆಕಟ್ಟೆಯಿಂದ ನಮ್ಮ ಕಡೆ ಬರುವ ಕಾಲುವೆ ನಕಾಶೆಯ ಮೇಲೆ ಎಷ್ಟೊಂದು ಸುತ್ತಿಕೊಂಡು ಬರುತ್ತದೆ ಎಂದು ಒಬ್ಬಳು ಕೇಳಿದಾಗ, “ನೀರಿಗೆ ಇಳಿಜಾರ ಬೇಕವಾ, ಅದಕ್ಕ ಸುತ್ತಿ ಬರತದ. ಹಾರೋದಕ್ಕ ಅದೇನೂ ಬೇಕಿಲ್ಲ” ಎಂದಿದ್ದ. ಅವನು ಒಳ್ಳೆಯ ಮಾಸ್ತರ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನಾನು ಹೇಳುವುದರಲ್ಲಿ ಅದು ಕಾಣುವುದಿಲ್ಲ.

ಅಪ್ಪನಿಗೆ ಒಬ್ಬಳೇ ತಂಗಿ, ನನ್ನ ಅತ್ತೆ. ಅವಳನ್ನು ಸುರಪುರಕ್ಕೆ ಕೊಟ್ಟಿದ್ದರು, ಅವಳ ಗಂಡ ನನಗೆ ಮಾಮಾ. ಕೆಂಭಾವಿಯಿಂದ ಸುರಪುರ ಏನೂ ದೂರವಲ್ಲ. ಆದರೂ ಅತ್ತೆಯ ಮನೆಯ ಒಂದು ಕಾರ್ಯಕ್ಕೂ ಅಪ್ಪ ಹೊತ್ತಿಗೆ ಸರಿಯಾಗಿ ಹೋದದ್ದು ನನಗೆ ನೆನಪಿಲ್ಲ. ಸಾಲಿ ಬಿಡಲು ತಡ, ಬಸ್ಸು ತಡ, ದಾರಿಯಲ್ಲಿ ಹಳೆಯ ವಿದ್ಯಾರ್ಥಿ ಸಿಕ್ಕು ತಡ. ಅವನು ಹೊಸ್ತಿಲು ತುಳಿಯುವ ಹೊತ್ತಿಗೆ ತೊಟ್ಟಿಲಿಗೆ ಮಗು ಹಾಕಿ ಆಗಿರುತ್ತಿತ್ತು, ಮದುವೆಯ ಅಕ್ಕಿಕಾಳು ಬಿದ್ದಿರುತ್ತಿತ್ತು. ಅತ್ತೆ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು:

“ಎಲ್ಲಾರೂ ಕೈ ತೊಳ್ಕೊಂಡ್ರೇನು? ಹಂಗಾದ್ರ ನಮ್ಮಣ್ಣ ಬಂದಾನ ನೋಡ್ರಿ!”

ಮನೆ ತುಂಬ ನಗು. ಅಪ್ಪನೂ ನಗುತ್ತಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ಮಾತ್ರ ಮಾತಾಡುತ್ತಿರಲಿಲ್ಲ.

ಅತ್ತೆ ತೀರಿಕೊಂಡ ದಿನ ಅಪ್ಪ ಬೆಂಗಳೂರಿನಲ್ಲಿದ್ದ. ನಾನು ಅಲ್ಲಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ಹಾಸ್ಟೆಲಿನಲ್ಲಿದ್ದೆ. ಮೊಣಕಾಲು ತೋರಿಸಲೆಂದು ಬಂದ ಅವನು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಲಾಡ್ಜಿನಲ್ಲಿ ಉಳಿದುಕೊಂಡಿದ್ದ. ಬೆಳಕು ಹರಿಯುವ ಹೊತ್ತಿಗೆ ಅವನೇ ನನಗೆ ಫೋನು ಮಾಡಿದ.

“ನಿಮ್ಮತ್ತಿ ಹೋದಳು. ಎದಿ ನೋವಂದಳಂತ, ದವಾಖಾನಿಗೆ ಒಯ್ಯೋದ್ರಾಗ... ನೀ ಜಲ್ದಿ ಬಾ. ಬರೋದ್ರಾಗ ಇಮಾನದ ಟಿಕೆಟ್ ನೋಡು.”

ನಾನು ಆಟೋದಲ್ಲಿ ಕುಳಿತೇ ನೋಡಿದೆ. ಕಲಬುರಗಿಗೆ ಅವತ್ತು ಸೀಟು ಇದ್ದದ್ದು ಮಧ್ಯಾಹ್ನದ ವಿಮಾನಕ್ಕೆ ಮಾತ್ರ. ಲಾಡ್ಜು ತಲುಪಿದಾಗ ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದ. ಕಣ್ಣು ಕೆಂಪಾಗಿದ್ದವು.

“ಕಾರು ಮಾಡಿಕೊಂಡು ಈಗಲೇ ಹೊರಡೋಣ ಅಪ್ಪಾ. ವಿಮಾನಕ್ಕೆ ಕಾಯುವುದಕ್ಕಿಂತ ಅದೇ ಮೊದಲು ಮುಟ್ಟುತ್ತದೆ.”

“ಕಾರಾ?” ಅವನು ನನ್ನನ್ನು ತರಗತಿಯಲ್ಲಿ ತಪ್ಪು ಉತ್ತರ ಹೇಳಿದವಳನ್ನು ನೋಡುವಂತೆ ನೋಡಿದ. “ಇಮಾನ ಇದ್ದು ಕಾರಿನಾಗ ಹೋಗೋದೇನು? ನಾ ಆಗಲೇ ನಿಮ್ಮ ಮಾಮಾಗ ಹೇಳೇನಿ.”

“ಏನಂತ?”

“ಒಂದು ತಾಸು ಐದು ನಿಮಿಷದ ಹಾದಿ. ನೀವು ಎಲ್ಲಾ ತಯಾರಿ ಮಾಡಿ ಇಡ್ರಿ, ಈ ಸರ್ತಿ ನಂದು ತಡ ಆಗಂಗಿಲ್ಲ ಅಂತ.”

ನಮ್ಮ ಕಡೆ ಗಂಡನ ಮನೆಯಲ್ಲಿ ಹೆಣ್ಣು ತೀರಿಕೊಂಡರೆ ಕೊನೆಯ ಸೀರೆ ತವರಿನದು. ತವರಿನವರು ಹಸಿರು ಸೀರೆ, ಕುಬಸ, ಬಳೆ ತರಬೇಕು. ಅಣ್ಣ ಅಥವಾ ತಮ್ಮ ಇದ್ದರೆ ಸೀರೆಯನ್ನು ಅವನೇ ತನ್ನ ಕೈಯಿಂದ ಹೊದಿಸಬೇಕು. ಹಾಗೆ ಹೊದಿಸದೆ ಹೆಣ ಎತ್ತುವಂತಿಲ್ಲ. ಹೊದಿಸುವಾಗ ಅಣ್ಣನಾದವನು ತಂಗಿಯ ಕಿವಿಯ ಹತ್ತಿರ ಬಗ್ಗಿ, ಏನಾದರೂ ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೋ ಎಂದು ಕೇಳಿಕೊಳ್ಳಬೇಕು. ಸೀರೆಯನ್ನು ಅವ್ವ ಕೆಂಭಾವಿಯಿಂದಲೇ ತೆಗೆದುಕೊಂಡು ಸುರಪುರಕ್ಕೆ ಹೊರಟಿದ್ದಳು. ಅಲ್ಲಿ ಬೇಕಾಗಿದ್ದದ್ದು ಅಪ್ಪನ ಕೈಯೊಂದೇ. ಹೊತ್ತು ಮುಳುಗಿದ ಮೇಲೆ ಆ ಮನೆತನದಲ್ಲಿ ಮಣ್ಣು ಮಾಡುವುದಿಲ್ಲ. ಅಷ್ಟರಲ್ಲಿ ಅಣ್ಣ ಬರದಿದ್ದರೆ ತವರಿನ ಓಣಿಯವರು ಯಾರಾದರೂ ಹೊದಿಸಿಬಿಡುತ್ತಾರೆ. ಅಣ್ಣ ಇದ್ದೂ ಇಲ್ಲದವಳ ಹಾಗೆ ಅವಳು ಹೋಗುತ್ತಾಳೆ.

ನಾನು ಅಪ್ಪನಿಗೆ ನಿಧಾನವಾಗಿ ಹೇಳಿದೆ. ವಿಮಾನ ಮಧ್ಯಾಹ್ನಕ್ಕೆ. ಅದಕ್ಕೂ ಬಹಳ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ಜೇವರ್ಗಿ, ಶಹಾಪುರ ದಾಟಿ ಸುರಪುರಕ್ಕೆ ರಸ್ತೆಯಲ್ಲೇ ಹೋಗಬೇಕು. ಸಂಜೆಯಾಗುತ್ತದೆ. ಮಾಮಾನಿಗೆ ಫೋನು ಮಾಡಿ ಸಂಜೆ ಎಂದು ಹೇಳು.

ಅಪ್ಪ ಫೋನು ಹಿಡಿದು ಹೊರಗೆ ಮೊಗಸಾಲೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, “ಹೇಳಿದೆ” ಎಂದ.

ಅವ್ವನಿಗೆ ನಾನು ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಸಾವಿನ ಮನೆಯಲ್ಲಿ ಅದು ಯಾವ ಚೀಲದ ತಳದಲ್ಲಿತ್ತೋ. ಹೇಗೂ ಅಪ್ಪ ಹೇಳಿದ್ದಾನಲ್ಲ ಎಂದು ಬಿಟ್ಟೆ.

ವಿಮಾನ ನಿಲ್ದಾಣದಲ್ಲಿ ಅಪ್ಪ ಕಂಡಕಂಡವರಿಗೆಲ್ಲ ಸುದ್ದಿ ಹೇಳಿದ. ಬಾಗಿಲಲ್ಲಿ ಟಿಕೆಟು ನೋಡುವ ಜವಾನನಿಗೆ, “ನನ್ನ ತಂಗಿ ತೀರ್ಕೊಂಡಾಳ್ರಿ ಸಾಹೇಬ್ರ, ಮಣ್ಣಿಗೆ ಹೊಂಟೇವಿ” ಎಂದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಮುಂದೆ ಹೋಗು ಎಂದು ಕೈ ಮಾಡಿದ. ಚೀಲ ತೂಗುವ ಹುಡುಗಿಗೆ ಹೇಳಿದ. ಅವಳು ಏನು ಹೇಳಬೇಕೆಂದು ತಿಳಿಯದೆ “ಹ್ಯಾಪಿ ಜರ್ನಿ ಸರ್” ಅಂದಳು. ನಮ್ಮೂರಲ್ಲಿ ಮಣ್ಣಿಗೆ ಹೊರಟವನಿಗೆ ಕಂಡಕ್ಟರ್ ಸೀಟು ಬಿಡಿಸಿಕೊಡುತ್ತಾನೆ, ಆಟೋದವನು ಸುಮ್ಮನೆ ಹತ್ತಿಸಿಕೊಳ್ಳುತ್ತಾನೆ. ಹೇಳಿದರೆ ದಾರಿ ಸಿಗುತ್ತದೆ ಎಂಬುದು ಅಪ್ಪನ ಅನುಭವ. ನಾನು ಅವನಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದೆ, ಟಿಕೆಟು ತೋರಿಸಲು ಸುಲಭವಾಗಲಿ ಎಂಬ ನೆಪದಲ್ಲಿ.

ಅಲ್ಲಿ ಕೂತಿದ್ದಾಗ ಸುರಪುರದಿಂದ ಅವನಿಗೆ ಫೋನು ಬಂತು. “ಏರ್‌ಪೋರ್ಟಿನಾಗ ಅದೀನಿ. ಬಂದೆ, ಬಂದೆ” ಎಂದು ಹೇಳಿ ಇಟ್ಟುಬಿಟ್ಟ. ನಮ್ಮವರಿಗೆ ಏರ್‌ಪೋರ್ಟಿನಲ್ಲಿದ್ದೇನೆ ಎಂದರೆ ಬಸ್‌ಸ್ಟ್ಯಾಂಡಿನಲ್ಲಿದ್ದೇನೆ ಎಂದ ಹಾಗೆ. ಬಸ್ಸು ನಿಂತಿದೆ, ಒಂದು ಕಾಲು ಪಾವಟಿಗೆಯ ಮೇಲಿದೆ. ಅದು ನನಗೆ ಹೊಳೆದದ್ದು ಆಮೇಲೆ.

ವಿಮಾನದಲ್ಲಿ ಅಪ್ಪನಿಗೆ ಎಡಗಡೆ ಕಿಟಕಿ ಸಿಕ್ಕಿತು. ಏಳುವಾಗ ಸೀಟಿನ ಕೈಹಿಡಿ ಗಟ್ಟಿಯಾಗಿ ಹಿಡಿದುಕೊಂಡಿದ್ದವನು, ಮೇಲೆ ಸಮನಾದ ಮೇಲೆ ಕಿಟಕಿಗೆ ಹಣೆ ಹಚ್ಚಿದವನು ತೆಗೆಯಲೇ ಇಲ್ಲ. ಒಂದು ನದಿ ದಾಟಿತು. “ತುಂಗಭದ್ರಾ” ಎಂದ. ಬಹಳ ಹೊತ್ತಿನ ಮೇಲೆ ಇನ್ನೊಂದು, ಅದಕ್ಕಿಂತ ಅಗಲ, ಮಣ್ಣಿನ ಬಣ್ಣದ್ದು. ಅದರಾಚೆ ಹಸಿರು ಚೌಕಗಳ ನಡುವೆ ಒಂದು ತೆಳ್ಳಗಿನ ಗೆರೆ ಬಿಸಿಲಿಗೆ ಹೊಳೆಯುತ್ತ ಸುತ್ತಿ ಸುತ್ತಿ ಹೋಗಿತ್ತು.

“ಅದ ನೋಡು! ನಮ್ಮ ಕಾಲುವಿ!”

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಕೂಗಿದ. ಅವನ ಮುಖದಲ್ಲಿ ಒಂದು ಸಂತೋಷವಿತ್ತು. ಜೀವಮಾನವೆಲ್ಲ ದಾರ ಎಳೆದು ತೋರಿಸಿದ್ದನ್ನು ಈಗ ಕಣ್ಣಿಂದ ನೋಡುತ್ತಿದ್ದ. “ನಕಾಶಿ ಹೆಂಗದನೋ ಹಂಗೇ ಅದ! ಒಂದು ಗೆರಿ ಗಲತ್ ಇಲ್ಲ. ಅಗೋ ಅತ್ತಾಗ, ಆ ಗುಡ್ಡದ ಕಡೆ ಸುರಪುರ. ಅಲ್ಲೇ ಅದಾಳ ನಿಮ್ಮತ್ತಿ...” ಎಂದವನು ತಟ್ಟನೆ ನಿಂತ. ಆಮೇಲೆ ಕಿಟಕಿಯ ಪರದೆ ಅರ್ಧ ಇಳಿಸಿದ.

ಮುಂದಿನ ಸೀಟಿನ ಹೆಂಗಸು ನನ್ನ ಕಡೆ ನೋಡಿ ಮುಗುಳ್ನಕ್ಕಳು. ಹಳ್ಳಿಯವರ ಮೊದಲ ವಿಮಾನ ಎಂಬ ನಗು. ನಾನೂ ನಕ್ಕೆ. ಹಾಗೆ ನಕ್ಕು ಅವಳ ಪಕ್ಷಕ್ಕೆ ಸೇರಿಕೊಂಡೆ ಎಂಬುದು ಮರುಕ್ಷಣವೇ ತಿಳಿದು, ಉಳಿದ ಹೊತ್ತು ಕಾಲಬುಡ ನೋಡುತ್ತ ಕೂತೆ.

ನಾವು ಸುರಪುರವನ್ನು ದಾಟಿ ಹೋಗುತ್ತಿದ್ದೆವು. ದಾಟಿ ಹೋಗಿ, ಕಲಬುರಗಿಯಲ್ಲಿ ಇಳಿದು, ಅಷ್ಟೂ ದೂರ ತಿರುಗಿ ಬರಬೇಕಾಗಿತ್ತು.

ಚಕ್ರ ನೆಲಕ್ಕೆ ತಾಗಿದ ಕೂಡಲೇ ಅಪ್ಪ ಕೈಗಡಿಯಾರ ನೋಡಿದ. “ಒಂದು ತಾಸು ಐದು ನಿಮಿಷ” ಎಂದ, ಮೆಲ್ಲಗೆ. ಗಡಿಯಾರವನ್ನು ನನಗೆ ತೋರಿಸಲಿಲ್ಲ.

ಬಾಡಿಗೆ ಕಾರಿನಲ್ಲಿ ಹೊರಟೆವು. ಜೇವರ್ಗಿಯ ಹತ್ತಿರ ತೊಗರಿ ಚೀಲ ಹೇರಿದ ಟ್ರ್ಯಾಕ್ಟರುಗಳ ಸಾಲು. ಶಹಾಪುರದಲ್ಲಿ ಸಂತೆ ಬಿಟ್ಟ ಜನ. ಅಪ್ಪನ ಫೋನು ರಿಂಗಾಗುತ್ತಲೇ ಇತ್ತು. ಅವನು ಅದನ್ನು ನೋಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

“ಎತ್ತು ಅಪ್ಪಾ.”

“ಎತ್ತಿ ಏನು ಹೇಳ್ಲಿ? ಮುಟ್ಟೇವಲ್ಲ ಈಗ.”

ಆಗ ನನಗೆ ಅರ್ಥವಾಯಿತು. ಬೆಳಿಗ್ಗೆ ಮೊಗಸಾಲೆಗೆ ಹೋದವನು ಫೋನು ಮಾಡಿರಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಹೌದು, ಮಾಡಿಲ್ಲ ಅನ್ನಬೇಕಾಗುತ್ತಿತ್ತು, ಅದನ್ನು ನಾನು ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಸುರಪುರದ ಓಣಿಗೆ ಕಾರು ತಿರುಗಿದಾಗ ಬಿಸಿಲು ಗೋಡೆಗಳ ಮೇಲ್ತುದಿಗೆ ಏರಿತ್ತು. ಅತ್ತೆಯನ್ನು ಅಂಗಳದ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮೇಲೆ ಅವಸರಕ್ಕೆ ಕಟ್ಟಿದ ತಾಡಪತ್ರೆ. ಇಬ್ಬರು ಹೆಂಗಸರು ಬೀಸಣಿಕೆ ಬೀಸುತ್ತಿದ್ದರು. ಊದುಬತ್ತಿಯ ಹೊಗೆ ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಯಾಕೆಂದು ಹತ್ತಿರ ಹೋದಾಗ ಗೊತ್ತಾಯಿತು.

ಬೆಳಿಗ್ಗೆ ಅಪ್ಪ ಹೇಳಿದ ಒಂದು ತಾಸನ್ನು ಅವರು ಒಂದು ತಾಸು ಎಂದೇ ತಿಳಿದಿದ್ದರು. ಫೋನು ಇಟ್ಟ ಗಳಿಗೆಯಿಂದ ಎಣಿಸಿದ್ದರು. ಕೂಡಲೇ ನೀರು ಕಾಸಿ ಮೈ ತೊಳೆದಿದ್ದರು, ಅಂಗಳಕ್ಕೆ ತಂದು ಕೂಡಿಸಿದ್ದರು. ಹೊಸ್ತಿಲು ದಾಟಿ ಹೊರಗೆ ತಂದ ಹೆಣವನ್ನು ಮತ್ತೆ ಒಳಗೆ ಒಯ್ಯುವಂತಿಲ್ಲ. ತಂಪಿನ ಪೆಟ್ಟಿಗೆ ಶಹಾಪುರದಿಂದ ತರಿಸೋಣ ಎಂದು ಯಾರೋ ಕೇಳಿದಾಗ ಮಾಮಾ, “ಒಂದು ತಾಸಿಗೆ ಪೆಟ್ಟಿಗಿ ಯಾಕ” ಎಂದಿದ್ದ. ಮತ್ತೆ ಕುಣಿ, ಮಣ್ಣು ಮಾಡುವ ಗುಂಡಿ. ಅವರ ಹೊಲ ಕಾಲುವೆಯ ಕೆಳಗಿದೆ. ಕಾಲುವೆ ಬಂದ ಮೇಲೆ ಅಲ್ಲಿ ನೆಲದ ನೀರು ಎಷ್ಟು ಮೇಲೆ ಬಂದಿದೆಯೆಂದರೆ, ಭತ್ತಕ್ಕೆ ನೀರು ನಿಲ್ಲಿಸುವ ದಿನಗಳಲ್ಲಿ ಸೊಂಟದ ಮಟ್ಟ ತೋಡಿದರೆ ಗೋಡೆ ಬೆವರುತ್ತದೆ. ಅದಕ್ಕೇ ಅವರು ಕುಣಿಯನ್ನು ಕೊನೆಗೆ ತೋಡುತ್ತಾರೆ, ತೋಡಿದ ಕೂಡಲೇ ಇಳಿಸುತ್ತಾರೆ. ಅಣ್ಣ ಬರುತ್ತಿದ್ದಾನೆಂದು ಬೆಳಿಗ್ಗೆಯೇ ತೋಡಿದ ಕುಣಿ ಮಧ್ಯಾಹ್ನಕ್ಕೆ ಕೆಸರು ನೀರು ತುಂಬಿ ಒಂದು ಬದಿ ಕುಸಿದಿತ್ತು. ಬದುವಿನ ಹತ್ತಿರ ಎತ್ತರದಲ್ಲಿ ಇನ್ನೊಂದು ತೋಡಬೇಕಾಯಿತು. ಒಂದು ಹೆಣಕ್ಕೆ ಎರಡು ಕುಣಿ. ಖಾಲಿ ಕುಣಿ ಇನ್ನೊಬ್ಬರನ್ನು ಕೇಳುತ್ತದೆ ಎಂದು ಹಿರಿಯರು ಹೆದರಿ, ಅದರಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಕಲ್ಲನ್ನು ಹೂಳಿಸಿದ್ದರು.

ಅಪ್ಪ ಕಾರಿನಿಂದ ಇಳಿದದ್ದೇ ತಡ, ಅತ್ತೆಯ ನೆಗೆಣ್ಣಿ, ಅಂದರೆ ಮಾಮಾನ ತಮ್ಮನ ಹೆಂಡತಿ, ಅತ್ತೆಯ ಮೊಣಕಾಲು ತಟ್ಟಿ ಹಾಡಿಕೊಂಡು ಅಳಲು ತೊಡಗಿದಳು. ನಮ್ಮ ಹೆಂಗಸರು ಅಳುವಾಗ ಹಾಡಿನಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳುತ್ತಾರೆ.

“ಎದ್ದು ನೋಡs ಯಕ್ಕಾ, ನಿಮ್ಮಣ್ಣ ಬಂದಾನ... ಮುಗಲಾಗ ಹಾರಿ ಬಂದಾನ... ಮುಗಲ ಹಾದಿಗಿ ಮುಳ್ಳಿದ್ದವೇನs ಯಕ್ಕಾ... ತಾಸಂದಾವ ಹೊತ್ತು ಮುಳುಗಿಸಿ ಬಂದಾನ...”

ಯಾರೋ ಮೂಗು ಒರೆಸಿಕೊಳ್ಳುತ್ತ ನಕ್ಕರು, ಅಳುತ್ತಲೇ. ಅವ್ವ ಸೀರೆಯ ಗಂಟು ತಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಬಿಚ್ಚಿದ. ಹಸಿರು ಸೀರೆ ಹಿಡಿದು ಕಟ್ಟೆಯ ಕಡೆ ಹೆಜ್ಜೆ ಇಟ್ಟಾಗ ಮಾಮಾ ಅಡ್ಡ ಬಂದು ನಿಂತ. ಅವನು ಕೂಗಲಿಲ್ಲ. ದಿನವಿಡೀ ಮಾತಾಡಿ ಅವನ ಗಂಟಲು ಬಿದ್ದುಹೋಗಿತ್ತು.

“ಮಾಸ್ತರ್ರ, ಒಂದ ಮಾತು ಕೇಳ್ತೀನಿ. ಸಂಜೀಕ ಬರ್ತೀನಿ ಅಂದಿದ್ರ ನಾವು ಸಂಜೀಕ ತಯಾರಿ ಮಾಡ್ತಿದ್ವಿ. ಬಿಸಲಾಗ ಕೂಡ್ಸಿದ್ವಿ ಆಕಿನ್ನ. ಎರಡು ಕುಣಿ ತೋಡ್ಸಿದ್ವಿ. ಒಂದು ತಾಸು ಅಂತ ಯಾಕ ಹೇಳಿದ್ರಿ?”

ನೆಗೆಣ್ಣಿ ಹಾಡು ನಿಲ್ಲಿಸಿದಳು.

ಅಪ್ಪ ಸೀರೆಯನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಪೂರ್ತಿ ಮುಖ ನೋಡಲಿಲ್ಲ, ಹೆಗಲ ಮಟ್ಟ ನೋಡಿದ.

“ಮಗಳು ಫೋನಿನಾಗ ನೋಡಿ ಹೇಳಿದಳ್ರಿ. ನನಗೇನು ಗೊತ್ತು ಅದೆಲ್ಲಾ.”

ನನಗೆ ಮೊದಲು ಆದದ್ದು ಸಿಟ್ಟಲ್ಲ. ಮೈಮೇಲಿನ ಬಟ್ಟೆ ಯಾರೋ ಎಳೆದಂತಾಯಿತು. ಅಷ್ಟು ಜನ ಒಮ್ಮೆಗೇ ನನ್ನ ಕಡೆ ತಿರುಗಿದ್ದರು. ಕೈಯಲ್ಲಿ ಪರ್ಸು ಹಿಡಿದು, ಕಾಲಲ್ಲಿ ಬೂಟು ಹಾಕಿಕೊಂಡೇ ಸಾವಿನ ಅಂಗಳದಲ್ಲಿ ನಿಂತಿದ್ದೆ ಎಂಬುದು ಆಗಲೇ ನನಗೆ ಕಂಡದ್ದು.

“ಹೌದನವಾ?” ಮಾಮಾ ಕೇಳಿದ.

ತೀರಿಕೊಂಡ ತಂಗಿಯ ಎದುರಿಗೆ, ಅವಳ ಕೊನೆಯ ಸೀರೆ ಕೈಯಲ್ಲಿ ಹಿಡಿದು ಅಪ್ಪ ಸುಳ್ಳು ಹೇಳಿದ್ದ. ಇಲ್ಲ ಎಂದು ನಾನು ಹೇಳಬಹುದಿತ್ತು. ಬಿಸಿಲು ಆಗ ಎದುರುಮನೆಯ ಮಾಳಿಗೆಯ ಅಂಚಿನಲ್ಲಿತ್ತು. ಇಲ್ಲ ಎಂದಿದ್ದರೆ ಮಾತು ಬೆಳೆಯುತ್ತಿತ್ತು. ಆ ಸೀರೆ ಬೇರೆ ಯಾರದೋ ಕೈಗೆ ಹೋಗುತ್ತಿತ್ತು.

“ಹೌದ್ರಿ ಮಾಮಾ” ಎಂದೆ.

ಒಂದು ನಿಟ್ಟುಸಿರು ಅಂಗಳದ ತುಂಬ ಹರಡಿತು. ಅದರಲ್ಲಿ ಒಂದು ಸಮಾಧಾನವಿತ್ತು. ಅಣ್ಣನನ್ನು ದೂರುವುದು ಅವರಿಗೂ ಬೇಡವಾಗಿತ್ತು. ಸಾಲಿ ಕಲಿತ ಹುಡುಗಿಯನ್ನು ದೂರುವುದು ಸುಲಭ.

“ಇಷ್ಟು ಓದಿದಿ, ಸುರಪುರ ಎಲ್ಲೈತಿ ಅಂತ ನೆನಪು ಹಾರ್ತೇನು?” ನೆಗೆಣ್ಣಿ ಕೇಳಿದಳು. “ಇಮಾನ ನಮ್ಮ ಮಾಳಿಗಿ ಮ್ಯಾಲೆ ಇಳೀತದಂತ ತಿಳ್ಕೊಂಡಿದ್ದೇನವಾ?” ಕೂಡಲೇ ಮತ್ತೆ ಅತ್ತೆಯ ಮೊಣಕಾಲು ತಟ್ಟಿ ರಾಗ ಎತ್ತಿದಳು: “ಓದಿದ ಸೋದರಸೊಸಿ ತಾಸು ಎಣಿಸ್ಯಾಳs ಯಕ್ಕಾ... ಬಿಸಲ ಕುಡಿದು ಕುಂತಿ ನೀ ಯಕ್ಕಾ...”

ಮಾಮಾ ಪಕ್ಕಕ್ಕೆ ಸರಿದ. ಅಪ್ಪ ಕಟ್ಟೆ ಹತ್ತಿ ಸೀರೆ ಹೊದಿಸಿದ. ಅತ್ತೆಯ ಕಿವಿಯ ಹತ್ತಿರ ಬಗ್ಗಿದ. ತುಟಿ ಅಲ್ಲಾಡಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವನು ಬಗ್ಗಿಯೇ ಇದ್ದ. “ಅನ್ರಿ ಮಾಸ್ತರ್ರ, ಹೊಟ್ಯಾಗ ಹಾಕ್ಕೋ ಅನ್ರಿ” ಎಂದು ಮುದುಕಿಯೊಬ್ಬಳು ಹೇಳಿಕೊಟ್ಟಳು. ಅಪ್ಪ ಒಂದು ಸಲ ಬಾಯಿ ತೆರೆದ. ಮತ್ತೆ ಮುಚ್ಚಿದ. ದುಃಖಕ್ಕೆ ಮಾತು ನಿಂತಿದೆ ಎಂದುಕೊಂಡು ಇಬ್ಬರು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಅಷ್ಟಕ್ಕೇ ಆ ಶಾಸ್ತ್ರ ಮುಗಿಯಿತು.

ಹೊತ್ತು ಮುಳುಗುವ ಮೊದಲು ಮಣ್ಣು ಕೊಟ್ಟೆವು. ಬದುವಿನ ಮೇಲಿನ ಕುಣಿ ಒಣಗಿತ್ತು. ಕೆಳಗಿನ ಮಡಿಯಲ್ಲಿ ಹಸಿ ಮಣ್ಣು ಮುಚ್ಚಿದ ಇನ್ನೊಂದು ಗುಪ್ಪೆ. ಜನ ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಅಪ್ಪ ಮಾತ್ರ ಅದರ ಹತ್ತಿರ ಸ್ವಲ್ಪ ಹೊತ್ತು ನಿಂತ.

ಮೂರನೆಯ ದಿನದವರೆಗೆ ನಾವು ಸುರಪುರದಲ್ಲೇ ಉಳಿದೆವು. ಆ ದಿನಗಳಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಚಹಾ ಕೊಡುವಾಗ “ಒಂದು ತಾಸಿನಾಗ ಕುಡೀವಾ” ಎನ್ನುವರು. ನೀರಿಗೆ ಹೋದರೆ “ಇಮಾನದಾಗ ಹೋಗಿ ಬಂದಿಯೇನು?” ಎನ್ನುವರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಹಾಗೆ ನಗುವುದು ಅಪ್ಪನಿಂದ ಬಂದದ್ದು. ಮರುದಿನ ಬೆಳಿಗ್ಗೆ ನಳದ ಹತ್ತಿರ ಕೊಡ ತುಂಬುತ್ತ ಅವ್ವ ನನ್ನ ಕಡೆ ನೋಡದೆ ಹೇಳಿದಳು:

“ನಿಮ್ಮಪ್ಪ ಮಾಮಾಗ ಫೋನು ಮಾಡಿದಾಗ ನೀ ಹಾಸ್ಟೆಲಿನಾಗ ಇದ್ದಿ. ನನಗ ಗೊತ್ತದ.”

“ಹಾಗಾದರೆ ನೀನೇಕೆ ಹೇಳಲಿಲ್ಲ?”

“ನೀನ ಹೌದ್ರಿ ಅಂದಮ್ಯಾಲೆ ನಾ ಏನು ಹೇಳ್ಲೆವಾ?” ಎಂದು ಕೊಡ ಎತ್ತಿ ಸೊಂಟದ ಮೇಲಿಟ್ಟುಕೊಂಡಳು.

ಅಪ್ಪ ಆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತರೆ ನಾನು ಬಡಿಸಲು ಬರುವ ಮೊದಲೇ ಎದ್ದುಬಿಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ. ಬರುತ್ತಿದ್ದದ್ದು ಬರೀ ನಾಚಿಕೆ. ಅವನು ನನ್ನಿಂದ ಮುಖ ಮರೆಸಿಕೊಳ್ಳುವುದನ್ನು ನೋಡಬೇಕಾಗಿ ಬಂದದ್ದರ ನಾಚಿಕೆ.

ಮೂರನೆಯ ದಿನ ಕುಣಿಗೆ ಹಾಲು ಎರೆದು ಬಂದು ಎಲ್ಲರೂ ಅಂಗಳದಲ್ಲಿ ಕೂತಿದ್ದರು. ಅಪ್ಪ ಒಮ್ಮೆಲೇ ಎದ್ದು ನಿಂತ. ತರಗತಿಯಲ್ಲಿ ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿಕೊಂಡು.

“ಎಲ್ಲಾರೂ ಕೇಳ್ರಿ. ಒಂದು ತಾಸು ಅಂತ ಹೇಳಿದಾವ ನಾನು. ಮಗಳು ಹೇಳಿಲ್ಲ. ಆಕಿ ಸಂಜೀಕ ಅಂತ ಹೇಳು ಅಂದಳು. ನಾ ಹೇಳ್ಲಿಲ್ಲ.”

ಮಾಮಾ ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈ ಇಟ್ಟ.

“ಇರ್ಲಿ ಬಿಡ್ರಿ ಮಾಸ್ತರ್ರ. ಆಗಿದ್ದು ಆತು. ಹುಡುಗಿನ್ನ ನಾವೇನೂ ಅಂದಿಲ್ಲ.”

“ಹಂಗಲ್ಲ. ಖರೇ ಹೇಳಾಕತ್ತೇನಿ ನಾ.”

“ಗೊತ್ತದ್ರಿ, ಗೊತ್ತದ. ಹಡದ ಹೊಟ್ಟಿ, ಸುಮ್ಮನಿರಂಗಿಲ್ಲ.”

“ನೋಡವಾ ನೋಡು,” ನೆಗೆಣ್ಣಿ ನನ್ನ ಕಡೆ ಬೆರಳು ಮಾಡಿದಳು, ಕಣ್ಣು ತುಂಬಿಕೊಂಡು. “ನಿಮ್ಮಪ್ಪ ಎಂಥಾವ ಅದಾನ! ನಿನ್ನ ತಪ್ಪು ತನ್ನ ತಲಿ ಮ್ಯಾಲೆ ತಗೋಳಾಕತ್ತಾನ. ಇಂಥ ತಂದಿ ಯಾರಿಗಿ ಸಿಗ್ತಾನ? ಕಾಲು ಮುಟ್ಟವಾ, ಎದ್ದು ಕಾಲು ಮುಟ್ಟು.”

“ಸುಳ್ಳಲ್ಲವಾ!” ಅಪ್ಪನ ದನಿ ಏರಿತು. “ನಾ ಅಂದದ್ದು. ನಾನ ಅಂದದ್ದು!”

ಅವನು ಎಷ್ಟು ಗಟ್ಟಿಯಾಗಿ ಹೇಳಿದನೋ ಅಷ್ಟೂ ಅವರು ಮರುಗಿದರು. ಮುದುಕಿಯರು ಲಟಿಕೆ ಮುರಿದರು. ಯಾರೋ ಒಬ್ಬರು ಅವನಿಗೆ ಕುರ್ಚಿ ತಂದರು. ಮೂರು ದಿನ ನೆಲದ ಮೇಲೆ ಕೂತವನಿಗೆ ಈಗ ಕುರ್ಚಿ. ಅಪ್ಪ ನನ್ನ ಕಡೆ ನೋಡಿದ. ಈ ಸಲ ಪೂರ್ತಿ ಮುಖ ನೋಡಿದ. ಏನು ಕೇಳುತ್ತಿದ್ದಾನೆಂದು ನನಗೆ ಸ್ಪಷ್ಟವಾಗಿತ್ತು. ನಾನು ಹೇಳಿದರೆ ಮಾತ್ರ ಅವರು ನಂಬುತ್ತಿದ್ದರು. ಹೌದು, ಇವನು ಹೇಳುತ್ತಿರುವುದು ನಿಜ, ಮೊನ್ನೆ ಹೆಣದ ಮುಂದೆ ನಿಂತು ಇವನು ಸುಳ್ಳು ಹೇಳಿದ ಎಂದು ಅಷ್ಟು ಜನರೆದುರು ಮಗಳಾದ ನಾನು ಹೇಳಬೇಕು. ಅವನಿಗೆ ಬೇಕಾಗಿದ್ದದ್ದು ಅದೇ.

ನಾನು ಎದ್ದು ಹೋಗಿ ಅವನ ಕಾಲು ಮುಟ್ಟಿದೆ. ಎಲ್ಲರೂ ಹೇಳುತ್ತಿದ್ದರು, ಮುಟ್ಟಿದೆ. ನನ್ನ ಬೆರಳು ತಾಗಿದಾಗ ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

ಮಧ್ಯಾಹ್ನದ ಬಸ್ಸಿಗೆ ಕೆಂಭಾವಿಗೆ ಹೊರಟೆವು. ಅವ್ವ ಹೆಂಗಸರ ಸೀಟಿನಲ್ಲಿ ಮುಂದೆ ಕೂತಳು. ಅಪ್ಪನ ಪಕ್ಕ ನನಗೆ ಜಾಗ ಸಿಕ್ಕಿತು. ಬಸ್ಸು ಕಾಲುವೆಯ ಸೇತುವೆ ದಾಟಿತು.

“ನೀನರೆ ಹೇಳಬೇಕಾಗಿತ್ತು” ಎಂದ ಅಪ್ಪ.

“ಏನಂತ?”

ಅವನು ಕಿಟಕಿಯ ಕಡೆ ಮುಖ ಮಾಡಿದ. ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹೊರಟಿತು. ಸುರಪುರದಲ್ಲಿ ಈಗ ಅವನಿಗೆ ಮೊದಲಿಗಿಂತ ಮರ್ಯಾದೆ ಹೆಚ್ಚು, ಹೋದರೆ ಮೊದಲು ಅವನಿಗೇ ಕೈ ತೊಳೆಯಲು ನೀರು ಕೊಡುತ್ತಾರೆ. ಅದಕ್ಕೇ ಅವನು ಈಗ ಹೋಗುವುದು ಕಡಿಮೆ. ಅವತ್ತು ಬಸ್ಸಿನಲ್ಲಿ ಅವ್ವ ತನ್ನ ಟಿಕೆಟನ್ನು ಮುಂದೆಯೇ ತೆಗೆಸಿದ್ದಳು. ಕಂಡಕ್ಟರ್ ನಮ್ಮ ಹತ್ತಿರ ಬಂದಾಗ ಅಪ್ಪ ಎರಡು ಟಿಕೆಟಿನ ಬದಲು ಒಂದಕ್ಕೆ ಮಾತ್ರ ದುಡ್ಡು ಕೊಟ್ಟ. “ಮತ್ತ ಇವರ್ದು?” ಎಂದು ಕಂಡಕ್ಟರ್ ನನ್ನ ಕಡೆ ಕೈ ಮಾಡಿದ. ಅಪ್ಪ ನನ್ನನ್ನು ನೋಡಿದ, ನಾನು ಯಾರು ಎಂದು ಹೇಳಲು ಅವನಿಗೆ ಒಂದು ಗಳಿಗೆ ಬೇಕಾಯಿತು.

“ನನ್ನ ಮಗಳು,” ಎಂದ. “ಆಕಿದೂ ಟಿಕೆಟ್ ಹರೀರಿ.”